ಡ್ರೋನ್ ಚಿತ್ರಕ್ಕೆ ಗುರುತು ಹಾಕೋ ಕೆಲಸ ಬಂದದ. ಮಿಲಿಟರಿಗೆ ಹೋಗೋದಾದ್ರ ಮಾಡ್ಬೇಕಾ, ಬಿಡ್ಬೇಕಾ?

ಮಾನ್ವಿ_ಮನೆಯಿಂದ

ಎಲ್ಲರಿಗೂ ನಮಸ್ಕಾರ್ರೀ. ಬಿಕಾಂ ಮುಗಿಸಿ ಮನ್ಯಾಗ ಕೂತು ಡೇಟಾ ಲೇಬಲಿಂಗ್ ಮಾಡ್ತೀನಿ. ಚಿತ್ರದ ಮ್ಯಾಲೆ ಚೌಕ ಎಳೆದು ಇದು ಕಾರು, ಇದು ಎಮ್ಮಿ, ಇದು ಸಿಗ್ನಲ್ ಕಂಬ ಅಂತ ಗುರುತು ಹಾಕೋದು. ಅದನ್ನ ನೋಡಿ ಎಐ ಕಲೀತದ. ಇಷ್ಟು ದಿನ ರಸ್ತೆ, ಅಂಗಡಿ ಕಪಾಟು, ಹತ್ತಿ ಎಲಿ ರೋಗ ಇಂಥವೇ ಬರ್ತಿದ್ವು.

ಈಗ ಬಂದಿರೋ ಬ್ಯಾಚ್ ಬ್ಯಾರೆ ಅದ. ಎಲ್ಲಾ ಮ್ಯಾಲಿಂದ ತೆಗೆದ ಥರ್ಮಲ್ ಚಿತ್ರ, ಬಣ್ಣ ಇಲ್ಲ, ಬಿಸಿ ಇದ್ದದ್ದು ಬೆಳ್ಳಗ ಕಾಣ್ತದ. ಪಟ್ಟಿಯೊಳಗ "ವ್ಯಕ್ತಿ", "ವಾಹನ", "ಗುಂಪು", "ಉದ್ದನೆಯ ವಸ್ತು ಹಿಡಿದ ವ್ಯಕ್ತಿ" ಅಂತ ಅವ. ಯಾವ ಊರು, ಯಾವ ದೇಶ, ಯಾರು ತೆಗೆಸಿದ್ದು, ಏನೂ ಬರೆದಿಲ್ಲ.

ಒಂದು ಚಿತ್ರದಾಗ ಹೊಲದ ಬದುವಿನ ಮ್ಯಾಲೆ ಒಬ್ಬಾತ ನಿಂತಾನ. ಬೆನ್ನಿಗೆ ಚೌಕದ್ದು ಏನೋ ಅದ, ಮೈಯಷ್ಟು ಬಿಸಿ ಇಲ್ಲ, ಅದಕ್ಕ ಬೂದು ಕಾಣ್ತದ. ಬಲಗೈಯಿಂದ ಮುಂದಕ್ಕ ತೆಳ್ಳನ ಕೋಲು. ನನಗ ನೋಡಿದ ಕೂಡ್ಲೇ ಎಣ್ಣಿ ಹೊಡೆಯೋ ಪಂಪು ಅನ್ನಿಸ್ತು. ನಮ್ಮಪ್ಪ ಹತ್ತಿಗೆ ಹೊಡಿಯುವಾಗ ಹಿಂಗೇ ನಿಂದಿರ್ತಾರ, ಎಡಗೈ ಸೊಂಟದ ಹತ್ರ ಪಂಪಿನ ಹಿಡಿಕಿ ಮ್ಯಾಲೆ. ಆದ್ರ ಪಟ್ಟಿಯೊಳಗ ಪಂಪು ಇಲ್ಲ. "ಖಾತ್ರಿ ಇಲ್ಲ" ಅಂತ ಒಂದು ಬಟನ್ ಅದ, ಅದನ್ನ ಭಾಳ ಒತ್ತಿದ್ರ ಕ್ವಾಲಿಟಿ ಸ್ಕೋರ್ ಬೀಳ್ತದ, ಮುಂದಿನ ಬ್ಯಾಚ್ ಸಿಗಂಗಿಲ್ಲ.

ಇದು ಮಿಲಿಟರಿಗೆ ಹೋಗ್ತದೇನು? ಹೋದ್ರ ನಾನು ಮಾಡೋದು ತಪ್ಪಾ? ಅಣ್ಣ ದೇಶದ ಕೆಲಸ ಇರ್ಬಹುದು, ಸುಮ್ನ ಮಾಡು ಅಂತಾನ. ನನಗ ನಿದ್ದಿ ಬರ್ವಲ್ದು. ತಿಳಿದವ್ರು ಹೇಳ್ರಿ.

ಲಿಂಗಸೂಗೂರು_ಲಿಂಕ್

ತಂಗಿ, ಕಂಪನಿ ಹೆಸರು, ಸ್ಕ್ರೀನ್‌ಶಾಟ್ ಏನೂ ಇಲ್ಲಿ ಹಾಕಬ್ಯಾಡ. ಕರಾರಿಗೆ ಸಹಿ ಮಾಡಿರ್ತಿ, ಆಮೇಲೆ ತೊಂದರಿ.

ಗವಿಮಠ_ರಸ್ತೆ

ಥರ್ಮಲ್ ಅಂದ ಕೂಡ್ಲೇ ಯುದ್ಧ ಅಂತ ಯಾಕ ತಿಳ್ಕೊಬೇಕ್ರಿ? ಅರಣ್ಯ ಇಲಾಖೆಯವ್ರು ಆನಿ ಚಿರತಿ ಹುಡುಕಾಕ ಬಳಸ್ತಾರ. ನೆರೆ ಬಂದಾಗ ಜನರನ್ನ ಹುಡುಕಾಕ ಬಳಸ್ತಾರ. ಗಡಿ ಕಾವಲಿಗೂ ಇರಬಹುದು. ಗೊತ್ತಿಲ್ಲದ ಹೆದರಬ್ಯಾಡ್ರಿ.

ಮಾನ್ವಿ_ಮನೆಯಿಂದ

ನೆರೆಯಾಗ ಜನರನ್ನ ಹುಡುಕೋರಿಗೆ ಅವ್ರ ಕೈಯಾಗ ಉದ್ದನೆ ವಸ್ತು ಅದನೋ ಇಲ್ಲೋ ಅನ್ನೋದು ಯಾಕ ಬೇಕ್ರಿ ಅಣ್ಣಾ?

ಗವಿಮಠ_ರಸ್ತೆ

ಖರೇ ಐತಿ. ಈ ಪ್ರಶ್ನೆಗೆ ನನ್ನ ಹತ್ರ ಉತ್ತರ ಇಲ್ಲ.

ಹಂಪಿ_ಕೋಡ್

ಇದು ಹೊಸ ಪ್ರಶ್ನೆ ಅಲ್ಲ. ಅಮೆರಿಕದ ರಕ್ಷಣಾ ಇಲಾಖೆ 2017ರಲ್ಲಿ ಪ್ರಾಜೆಕ್ಟ್ ಮಾವೆನ್ ಶುರು ಮಾಡಿತು. ಡ್ರೋನ್ ವಿಡಿಯೊದಲ್ಲಿ ಮನುಷ್ಯ, ವಾಹನ, ಕಟ್ಟಡ ಗುರುತಿಸೋಕೆ ಎಐ ಬೇಕಿತ್ತು. ಗೂಗಲ್ ಅದರಲ್ಲಿತ್ತು. 2018ರಲ್ಲಿ ಗೂಗಲ್‌ನ ಸಾವಿರಾರು ಉದ್ಯೋಗಿಗಳು "ನಾವು ಯುದ್ಧದ ವ್ಯವಹಾರದಲ್ಲಿ ಇರಬಾರದು" ಅಂತ ಪತ್ರಕ್ಕೆ ಸಹಿ ಮಾಡಿದರು, ಕೆಲವರು ಕೆಲಸ ಬಿಟ್ಟರು. ಕಂಪನಿ ಆ ಒಪ್ಪಂದ ಮುಂದುವರಿಸಲಿಲ್ಲ, ಆಯುಧಕ್ಕೆ ಎಐ ಮಾಡೋದಿಲ್ಲ ಅಂತ ನೀತಿಯನ್ನೂ ಪ್ರಕಟಿಸಿತು. 2025ರ ಫೆಬ್ರವರಿಯಲ್ಲಿ ಆ ಮಾತನ್ನ ತನ್ನ ನೀತಿಯಿಂದ ತೆಗೆದುಹಾಕಿತು.

ಇಲ್ಲಿ ನಮ್ಮ ತಂಗಿಗೆ ಸಂಬಂಧಪಟ್ಟ ಸಂಗತಿ ಇನ್ನೊಂದಿದೆ. ಮಾವೆನ್‌ಗೆ ಬೇಕಾದ ಚಿತ್ರಗಳಿಗೆ ಗುರುತು ಹಾಕಿದವರಲ್ಲಿ ತುಂಡು ಕೆಲಸದವರೂ ಇದ್ದರು, ಅದು ಎಲ್ಲಿಗೆ ಹೋಗುತ್ತೆ ಅಂತ ಅವರಿಗೆ ಹೇಳಿರಲಿಲ್ಲ ಅಂತ 2019ರಲ್ಲಿ ವರದಿ ಬಂತು. ಕ್ಯಾಲಿಫೋರ್ನಿಯಾದ ಎಂಜಿನಿಯರ್‌ಗೆ ಪತ್ರ ಬರೆದು ಪ್ರತಿಭಟಿಸೋ ಅವಕಾಶ ಸಿಕ್ಕಿತು. ಚೌಕ ಎಳೆದವರಿಗೆ ಗೊತ್ತೇ ಇರಲಿಲ್ಲ. ನನಗೆ ಸಿಟ್ಟು ಬರೋದು ಇದಕ್ಕೆ.

ಕೋಟೆ_ತೋಪು

ನಾನು ಬಳ್ಳಾರಿಯವನು. ಆರ್ಟಿಲರಿಯಲ್ಲಿ ಹವಾಲ್ದಾರ್ ಆಗಿ ರಿಟೈರ್ ಆದವನು. ಇಲ್ಲಿ ಎಲ್ಲರೂ ಮಿಲಿಟರಿ ಅಂದ ತಕ್ಷಣ ಪಾಪದ ಕೆಲಸ ಅಂತ ಮಾತಾಡೋದು ನನಗೆ ಸರಿ ಕಾಣ್ತಿಲ್ಲ.

2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಕಡೆಯಿಂದ ರಾತ್ರಿ ಹಿಂಡು ಹಿಂಡಾಗಿ ಡ್ರೋನ್ ಬಂದಾಗ ತಡೆದಿದ್ದು ಹೇಗೆ? ರಾಡಾರ್‌ಗಳ ಮಾಹಿತಿಯನ್ನೆಲ್ಲ ಒಂದೇ ಕಡೆ ಸೇರಿಸೋ ಆಕಾಶ್‌ತೀರ್ ಅಂಥ ವ್ಯವಸ್ಥೆ ಇದ್ದದ್ದಕ್ಕೆ. ನಮ್ಮ ಬೆಂಗಳೂರಿನ ಬಿಇಎಲ್ ಮಾಡಿದ್ದು. ಅಷ್ಟೊಂದು ಬರ್ತಿರುವಾಗ ಒಬ್ಬ ಮನುಷ್ಯ ಕೂತು ಇದು ನಮ್ಮದು, ಇದು ಅವರದು ಅಂತ ಒಂದೊಂದಾಗಿ ಕಾಗದದ ಮೇಲೆ ಬರೆಯೋಕೆ ಆಗಲ್ಲ. ಯಂತ್ರ ಬೇಕೇ ಬೇಕು. ಗಡಿಯಲ್ಲಿ ರಾತ್ರಿ ಪೂರ್ತಿ ಕಣ್ಣು ಬಿಟ್ಟು ಕೂರೋ ಹುಡುಗನ ಜೀವವೂ ಜೀವವೇ. ತಂಗಿ ಎಳೆದ ಚೌಕದಿಂದ ಅವನ ಜೀವ ಉಳಿಯಬಹುದು.

ಹತ್ತಿ_ಮಾರ್ಕೆಟ್

ಹವಾಲ್ದಾರ್ ಸಾಹೇಬ್ರಿಗೆ ಸಲಾಂ. ಪೂರ್ತಿ ಒಪ್ತೀನಿ. ನಾವು ಮಾಡ್ಲಿಲ್ಲಂದ್ರ ಚೀನಾ ಸುಮ್ನ ಕೂಡ್ತದೇನು?

ಕಟ್ಟೆ_ವಕೀಲೆ

ಹವಾಲ್ದಾರ್ ಸರ್, ನೀವು ಹೇಳಿದ್ದು ಆಕಾಶದಲ್ಲಿ ಬರೋ ಡ್ರೋನ್ ಹೊಡೆಯೋ ವ್ಯವಸ್ಥೆ. ಅಲ್ಲಿ ಗುರಿ ಒಂದು ಯಂತ್ರ. ಆ ತಂಗಿಯ ಚಿತ್ರದಲ್ಲಿರೋದು ಹೊಲದಲ್ಲಿ ನಿಂತ ಮನುಷ್ಯ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ರೆಡ್‌ಕ್ರಾಸ್‌ನ ಅಂತರರಾಷ್ಟ್ರೀಯ ಸಮಿತಿ 2021ರಲ್ಲಿ ಹೇಳಿದ್ದೂ ಸುಮಾರು ಇದೇ: ಹೇಗೆ ವರ್ತಿಸುತ್ತೆ ಅಂತ ಮೊದಲೇ ಊಹಿಸೋಕೆ ಆಗದ ಸ್ವಯಂಚಾಲಿತ ಆಯುಧ (ತಾನೇ ಗುರಿ ಆರಿಸಿ ಹೊಡೆಯೋದು) ಬೇಡ, ಮನುಷ್ಯರನ್ನೇ ಗುರಿ ಮಾಡೋಕೆ ಇಂಥ ಆಯುಧ ಬೇಡ, ಮಿಕ್ಕಿದ್ದಕ್ಕೆ ಕಟ್ಟುನಿಟ್ಟಾದ ಮಿತಿ ಇರಲಿ. ಬರ್ತಿರೋ ಕ್ಷಿಪಣಿಯನ್ನ ತಡೆಯೋದನ್ನ ಅವರು ಯಾರೂ ನಿಷೇಧಿಸಿ ಅಂತ ಕೇಳಿಲ್ಲ.

ಕೋಟೆ_ತೋಪು

ಆ ವ್ಯತ್ಯಾಸ ಐತೆ ಮೇಡಂ, ಒಪ್ಕೊಂಡೆ. ಆದ್ರೆ ಗಡಿ ದಾಟಿ ಬರೋ ಉಗ್ರನೂ ಮನುಷ್ಯನೇ. ಅವನನ್ನ ಗುರುತಿಸೋಕೂ ಕಣ್ಣು ಬೇಕಲ್ಲ.

ಕಟ್ಟೆ_ವಕೀಲೆ

ಗುರುತಿಸೋದು ಬೇರೆ, ಹೊಡೆಯೋದು ಬೇರೆ. ನಡುವೆ ಒಬ್ಬ ಮನುಷ್ಯ ಇರಬೇಕು ಅನ್ನೋದಷ್ಟೇ ನನ್ನ ಮಾತು.

ಸಿರುಗುಪ್ಪ_ಭತ್ತ

ವಿಷಯ ಬಿಟ್ಟು ಒಂದು ಮಾತು. ನಮ್ಮ ಕಡೆ ಈಗ ಭತ್ತಕ್ಕೆ ಡ್ರೋನ್‌ನಲ್ಲೇ ಎಣ್ಣೆ ಹೊಡಿತಾರೆ. ಸ್ವಸಹಾಯ ಸಂಘದ ಹೆಣ್ಮಕ್ಕಳಿಗೆ ತರಬೇತಿ ಕೊಟ್ಟು ಡ್ರೋನ್ ಕೊಡೋ ಯೋಜನೆ 2023ರಲ್ಲಿ ಬಂತು. ಅದನ್ನ ಹಾರಿಸೋರು ಗದ್ದೆ ಬದಿಗೆ ನಿಂತು ಕೈಯಲ್ಲಿ ರಿಮೋಟ್ ಹಿಡಿದೇ ಇರ್ತಾರೆ. ಆಟೊದಲ್ಲಿ ಹಾಕಿದ್ರೂ ಕಣ್ಣು ತೆಗೆಯಲ್ಲ. ಆಚೆ ಬದಿಗೆ ಯಾರಾದ್ರೂ ಕಳೆ ಕೀಳೋರು ಬಂದ್ರೆ ತಕ್ಷಣ ನಿಲ್ಲಿಸ್ತಾರೆ. ಎಣ್ಣೆ ಹೊಡೆಯೋಕೇ ಇಷ್ಟು ಜಾಗ್ರತೆ ಇದ್ರೆ ಬಾಂಬಿಗೆ ಎಷ್ಟಿರಬೇಕು?

ಮಸ್ಕಿ_ಬೆಟ್ಟ

ನಮ್ಮೂರ ಮಸ್ಕಿ ಬಂಡೆಗಲ್ಲಿನ ಮ್ಯಾಲೆ ಅಶೋಕ ಬರೆಸ್ಯಾನಲ್ಲ, ಕಳಿಂಗ ಯುದ್ಧ ಮಾಡಿ ತಪ್ಪು ಮಾಡಿದೆ ಅಂತ. ಎರಡು ಸಾವಿರ ವರ್ಷದ ಹಿಂದೇ ನಮ್ಮ ರಾಯಚೂರು ಜಿಲ್ಲೆಯೊಳಗ ಯುದ್ಧದ ನೀತಿ ಕಲ್ಲಿನ ಮ್ಯಾಲೆ ಅದ.

ಹಳೆ_ಲಿಪಿ

ಮಸ್ಕಿ ಮೇಲಿನ ಅಭಿಮಾನ ನನಗೂ ಇದೆ, ಆದರೆ ಅಲ್ಲಿ ಕಳಿಂಗದ ಮಾತಿಲ್ಲ. 1915ರಲ್ಲಿ ಸಿಕ್ಕ ಮಸ್ಕಿ ಶಾಸನದ ಹಿರಿಮೆ ಅದರಲ್ಲಿ ಅಶೋಕ ಅನ್ನೋ ಹೆಸರೇ ಇರೋದು, ಅದು ಸಣ್ಣ ಬಂಡೆ ಶಾಸನ. ಕೊಪ್ಪಳದ ಗವಿಮಠ, ಪಾಲ್ಕಿಗುಂಡು ಶಾಸನಗಳೂ ಅದೇ ಜಾತಿಯವು. ಕಳಿಂಗದಲ್ಲಿ ಸತ್ತವರ ಬಗ್ಗೆ ದುಃಖ ಪಟ್ಟಿದ್ದು ಹದಿಮೂರನೇ ದೊಡ್ಡ ಬಂಡೆ ಶಾಸನದಲ್ಲಿ.

ಈ ಚರ್ಚೆಗೆ ಹತ್ತಿರದ್ದು ಬೇಕಂದ್ರೆ ಕಲಬುರಗಿ ಜಿಲ್ಲೆ ಸನ್ನತಿಗೆ ಬನ್ನಿ. ಒಡಿಶಾದ ಧೌಲಿ, ಜೌಗಡದಲ್ಲಿರೋ ಎರಡು ಪ್ರತ್ಯೇಕ ಶಾಸನಗಳು ಸನ್ನತಿಯಲ್ಲೂ ಸಿಕ್ಕಿವೆ. ಅವು ಅಧಿಕಾರಿಗಳಿಗೆ ನೇರವಾಗಿ ಹೇಳೋ ಆಜ್ಞೆಗಳು. ಸಾವಿರಾರು ಜೀವಗಳ ಹೊಣೆ ನಿಮ್ಮ ಮೇಲಿದೆ, ಕಾರಣ ಇಲ್ಲದೆ ಯಾರಿಗೂ ಸೆರೆವಾಸ, ಹಿಂಸೆ ಆಗಬಾರದು, ಆತುರ, ಸೋಮಾರಿತನ, ಸಿಟ್ಟು ಇದ್ದರೆ ಈ ಕೆಲಸ ಆಗಲ್ಲ ಅಂತ. ರಾಜ ಹೊಣೆಯನ್ನ ಇಂಥ ಹುದ್ದೆಯವರ ಮೇಲೆ ಅಂತ ಹೇಳಿ ಹೊರಿಸಿದ್ದಾನೆ. ಈಗ ಕೇಳಬೇಕಾದ ಪ್ರಶ್ನೆಯೂ ಅದೇ: ಎಐ ತಪ್ಪು ಗುರಿ ತೋರಿಸಿ ಒಬ್ಬ ಸತ್ತರೆ ಯಾವ ಹುದ್ದೆಯವರು ಉತ್ತರ ಕೊಡಬೇಕು?

ಮಸ್ಕಿ_ಬೆಟ್ಟ

ತಿದ್ದಿದ್ದಕ್ಕ ಥ್ಯಾಂಕ್ಸ್ ರೀ. ಸನ್ನತಿದು ಗೊತ್ತಿರ್ಲಿಲ್ಲ.

ಹತ್ತಿ_ಮಾರ್ಕೆಟ್

ಭಾರತ ವಿಶ್ವಸಂಸ್ಥೆಯೊಳಗ ಇಂಥ ಆಯುಧದ ಬಗ್ಗೆ ಬಂದ ನಿರ್ಣಯದ ವಿರುದ್ಧ ಮತ ಹಾಕ್ಯದಲ್ಲ. ಅಂದ ಮ್ಯಾಲೆ ನಮ್ಮ ಸರ್ಕಾರಕ್ಕೇ ಇಂಥ ಆಯುಧ ಬೇಕಾಗ್ಯಾವ, ತಂಗಿ ಯಾಕ ತಲಿ ಕೆಡಿಸ್ಕೊಬೇಕು?

ಕಟ್ಟೆ_ವಕೀಲೆ

ಅರ್ಧ ಮಾತ್ರ ಸರಿ. 2023ರ ಡಿಸೆಂಬರ್‌ನಲ್ಲಿ ಸಾಮಾನ್ಯ ಸಭೆಯಲ್ಲಿ ಮಾರಕ ಸ್ವಯಂಚಾಲಿತ ಆಯುಧಗಳ ಬಗ್ಗೆ ನಿರ್ಣಯ ಬಂತು. 152 ದೇಶ ಪರ, 4 ವಿರುದ್ಧ, 11 ತಟಸ್ಥ. ವಿರುದ್ಧ ಹಾಕಿದ ನಾಲ್ಕರಲ್ಲಿ ಭಾರತ ಇತ್ತು, ಜೊತೆಗೆ ರಷ್ಯಾ, ಬೆಲಾರೂಸ್, ಮಾಲಿ. ಮುಂದಿನ ವರ್ಷ ಅದೇ ವಿಷಯಕ್ಕೆ ಭಾರತ ತಟಸ್ಥವಾಗಿ ಉಳೀತು. ನಮ್ಮ ವಾದ ಏನಂದ್ರೆ, ಜಿನೀವಾದಲ್ಲಿ ಕೆಲವು ಸಾಂಪ್ರದಾಯಿಕ ಆಯುಧಗಳ ಒಪ್ಪಂದದ ಅಡಿ ಒಂದು ತಜ್ಞರ ಗುಂಪು ಈಗಾಗಲೇ ಇದೆ, ಅದರ ಪಕ್ಕದಲ್ಲಿ ಇನ್ನೊಂದು ವೇದಿಕೆ ಬೇಡ. ಆ ಗುಂಪು 2017ರಲ್ಲಿ ಶುರುವಾದಾಗ ಅಧ್ಯಕ್ಷರಾಗಿದ್ದವರು ಭಾರತದ ರಾಯಭಾರಿ ಅಮನ್‌ದೀಪ್ ಸಿಂಗ್ ಗಿಲ್. 2019ರಲ್ಲಿ ಅಲ್ಲಿ ಹನ್ನೊಂದು ಮಾರ್ಗದರ್ಶಿ ತತ್ವ ಒಪ್ಪಿದರು. ಆಯುಧ ಬಳಸೋ ನಿರ್ಧಾರದ ಹೊಣೆ ಮನುಷ್ಯನದೇ, ಅದನ್ನ ಯಂತ್ರಕ್ಕೆ ವರ್ಗಾಯಿಸೋಕೆ ಬರಲ್ಲ ಅನ್ನೋದು ಅದರಲ್ಲಿದೆ. ಇದಕ್ಕೆ ಭಾರತವೂ ಒಪ್ಪಿದೆ.

ಒಪ್ಪಿದ್ದು ಸಾಲದು ಅನ್ನೋದು ನನ್ನ ಅಭಿಪ್ರಾಯ. ತತ್ವ ಕಾನೂನಲ್ಲ, ಮುರಿದ್ರೆ ಶಿಕ್ಷೆ ಇಲ್ಲ. ಹೊಸ ಆಯುಧ ತರೋ ಮೊದಲು ಅದು ಕಾನೂನಿಗೆ ಸರಿಹೊಂದುತ್ತಾ ಅಂತ ಪರಿಶೀಲಿಸಬೇಕು ಅನ್ನೋ ನಿಯಮ ಯುದ್ಧದ ಬಗೆಗಿನ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿದ ಮೊದಲನೇ ಹೆಚ್ಚುವರಿ ಪ್ರೋಟೊಕಾಲ್‌ನ 36ನೇ ವಿಧಿಯಲ್ಲಿದೆ. ಆ ಪ್ರೋಟೊಕಾಲ್‌ಗೆ ಭಾರತ ಸೇರಿಲ್ಲ.

ಹಂಪಿ_ಕೋಡ್

ನಮ್ಮ ಸೇನೆಯಲ್ಲೂ ಕೆಲಸ ಆಗ್ತಿದೆ ಅಂತ ಸೇರಿಸ್ತೀನಿ. 2024ರ ಅಕ್ಟೋಬರ್‌ನಲ್ಲಿ ಆಗ ರಕ್ಷಣಾ ಪಡೆಗಳ ಮುಖ್ಯಸ್ಥ (ಸಿಡಿಎಸ್) ಆಗಿದ್ದ ಜನರಲ್ ಅನಿಲ್ ಚೌಹಾಣ್ ರಕ್ಷಣೆಯಲ್ಲಿ ಬಳಸೋ ಎಐ ನಂಬಿಕೆಗೆ ಅರ್ಹವಾ ಅಂತ ಅಳೆಯೋ ಒಂದು ಚೌಕಟ್ಟು ಬಿಡುಗಡೆ ಮಾಡಿದರು. ಸುರಕ್ಷತೆ, ಪಾರದರ್ಶಕತೆ, ಪಕ್ಷಪಾತ ಇಲ್ಲದಿರೋದು ಎಲ್ಲ ಅದರಲ್ಲಿವೆ. ಪಕ್ಷಪಾತ ಪರೀಕ್ಷೆ ಶುರುವಾಗೋದೇ ಡೇಟಾದಿಂದ. ಪಟ್ಟಿಯಲ್ಲಿ ಪಂಪು ಇಲ್ಲ ಅಂದ್ರೆ ಆ ಡೇಟಾದಿಂದ ಕಲಿತ ಎಐ ಮಾಡೆಲ್‌ಗೆ ಪ್ರಪಂಚದಲ್ಲಿ ಪಂಪು ಅನ್ನೋದೇ ಇಲ್ಲ. ಕೋಲು ಹಿಡಿದ ಪ್ರತಿಯೊಬ್ಬನೂ ಅದರ ಕಣ್ಣಿಗೆ ಒಂದೇ ಜಾತಿ. ಮುಂದೆ ಎಷ್ಟು ಚೆನ್ನಾಗಿ ಪರೀಕ್ಷೆ ಮಾಡಿದ್ರೂ, ಪರೀಕ್ಷೆಯ ಚಿತ್ರಗಳಿಗೂ ಅದೇ ಪಟ್ಟಿಯಿಂದ ಗುರುತು ಹಾಕಿದ್ರೆ ಆ ದೋಷ ಕಾಣಲ್ಲ, ನೂರಕ್ಕೆ ನೂರು ಸರಿ ಅಂತಲೇ ತೋರಿಸುತ್ತೆ.

ಗವಿಮಠ_ರಸ್ತೆ

ಇದನ್ನ ಓದಿ ಮೈ ಜುಮ್ ಅಂತು. ನಮ್ಮ ಕಡೆ ಹೊಲಕ್ಕ ಹೋಗೋ ಪ್ರತಿಯೊಬ್ಬನ ಹೆಗಲ ಮ್ಯಾಲೂ ಏನಾದ್ರೂ ಉದ್ದಂದು ಇದ್ದೇ ಇರ್ತದ. ಸಲಿಕಿ, ಪೈಪು, ಕುಂಟಿ ದಾಂಡು.

ತೋರಣಗಲ್ಲು_ಶಿಫ್ಟ್

ಕಂಪ್ಯೂಟರ್ ತಪ್ಪು ಮಾಡುತ್ತೆ ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ಮನುಷ್ಯ ಇರ್ಬೇಕು. 1983ರ ಸೆಪ್ಟೆಂಬರ್ 26ರಂದು ಸೋವಿಯತ್ ಒಕ್ಕೂಟದ ಉಪಗ್ರಹ ವ್ಯವಸ್ಥೆ ಅಮೆರಿಕ ಐದು ಕ್ಷಿಪಣಿ ಹಾರಿಸಿದೆ ಅಂತ ಎಚ್ಚರಿಕೆ ಕೊಟ್ಟಿತು. ಡ್ಯೂಟಿಯಲ್ಲಿದ್ದ ಸ್ಟಾನಿಸ್ಲಾವ್ ಪೆಟ್ರೋವ್ ನಂಬಲಿಲ್ಲ. ನಿಜವಾಗಿ ದಾಳಿ ಮಾಡೋರು ಐದೇ ಐದು ಯಾಕೆ ಬಿಡ್ತಾರೆ ಅಂತ ಯೋಚನೆ ಮಾಡಿ ಸುಳ್ಳು ಎಚ್ಚರಿಕೆ ಅಂತ ವರದಿ ಮಾಡಿದ. ಮೋಡದ ಮೇಲೆ ಬಿದ್ದ ಬಿಸಿಲನ್ನ ಉಪಗ್ರಹ ಕ್ಷಿಪಣಿಯ ಬೆಂಕಿ ಅಂತ ತಿಳಿದಿತ್ತು. ಆ ಜಾಗದಲ್ಲಿ ಎಐ ಇದ್ದಿದ್ರೆ ನಾವು ಯಾರೂ ಇಲ್ಲಿ ಇರ್ತಿರ್ಲಿಲ್ಲ.

ಕೋಟೆ_ತೋಪು

ಪೆಟ್ರೋವ್ ಕಥೆ ಎಲ್ಲರೂ ಹೇಳ್ತಾರೆ. ಇನ್ನೊಂದು ಕಡೆಯದನ್ನೂ ಹೇಳ್ತೀನಿ ಕೇಳಿ. 1988ರ ಜುಲೈ 3ರಂದು ಅಮೆರಿಕದ ವಿನ್ಸೆನ್ಸ್ ಯುದ್ಧನೌಕೆ ಇರಾನ್‌ನ ಪ್ರಯಾಣಿಕರ ವಿಮಾನ ಹೊಡೆದು ಕೆಡವಿತು, 290 ಜನ ಸತ್ತರು. ಆ ವಿಮಾನ ಮೇಲಕ್ಕೆ ಏರ್ತಿದೆ ಅಂತ ಹಡಗಿನ ಏಜಿಸ್ ಅನ್ನೋ ರಾಡಾರ್, ಕಂಪ್ಯೂಟರ್ ವ್ಯವಸ್ಥೆ ಸರಿಯಾಗೇ ದಾಖಲಿಸಿತ್ತು. ಒಳಗಿದ್ದ ಮನುಷ್ಯರು ಗಾಬರಿಯಲ್ಲಿ, ಕೆಳಕ್ಕೆ ಇಳೀತಿದೆ, ದಾಳಿಗೆ ಬರ್ತಿದೆ ಅಂತ ತಿಳಿದರು. ಅಲ್ಲಿ ತಪ್ಪಿದ್ದು ಮನುಷ್ಯ. ಮನುಷ್ಯ ಇದ್ದಾನೆ ಅಂದ ಮಾತ್ರಕ್ಕೆ ಎಲ್ಲ ಸರಿ ಆಗಲ್ಲ.

ತೋರಣಗಲ್ಲು_ಶಿಫ್ಟ್

ಇದು ನನಗೆ ಗೊತ್ತಿರ್ಲಿಲ್ಲ ಸಾಹೇಬ್ರೆ. ಆದ್ರೆ 2003ರಲ್ಲಿ ಇರಾಕ್ ಯುದ್ಧದಾಗ ಅಮೆರಿಕದ ಕ್ಷಿಪಣಿ ತಡೆಯೋ ಪೇಟ್ರಿಯಟ್ ವ್ಯವಸ್ಥೆ ಬ್ರಿಟನ್ನಿನ ಟೊರ್ನೇಡೊ ವಿಮಾನವನ್ನೇ ಶತ್ರು ಕ್ಷಿಪಣಿ ಅಂತ ತೋರಿಸಿತು. ಅದನ್ನ ಹೊಡೆದು ಕೆಡವಿದರು, ಒಳಗಿದ್ದ ಇಬ್ಬರೂ ಸತ್ತರು. ಅಲ್ಲಿ ಯಂತ್ರ ಹೇಳಿದ್ದನ್ನ ಮನುಷ್ಯ ನಂಬಿಬಿಟ್ಟ.

ಕೋಟೆ_ತೋಪು

ಹೌದು. ಅದಕ್ಕೇ ನಾನು ಹೇಳೋದು, ಮನುಷ್ಯನಾ ಯಂತ್ರವಾ ಅಂತ ಜಗಳ ಮಾಡೋದಲ್ಲ. ಆ ಮನುಷ್ಯನಿಗೆ ಎಷ್ಟು ಟೈಮ್ ಐತೆ, ಬೇಡ ಅನ್ನೋ ಅಧಿಕಾರ ಐತಾ, ಬೇಡ ಅಂದ್ರೆ ಮೇಲಿನವರು ಏನ್ಮಾಡ್ತಾರೆ, ಇದನ್ನ ಕೇಳ್ಬೇಕು.

ನಮ್ಮ ಕೆಲಸದ ರೀತಿ ಹೇಳ್ತೀನಿ. ಮುಂದೆ ಓಪಿಯಲ್ಲಿ, ಅಂದ್ರೆ ವೀಕ್ಷಣಾ ಠಾಣೆಯಲ್ಲಿ, ಕೂತವರು ಗುರಿ ನೋಡಿ ವೈರ್‌ಲೆಸ್‌ನಲ್ಲಿ ಗ್ರಿಡ್, ಅಂದ್ರೆ ನಕ್ಷೆಯಲ್ಲಿ ಗುರಿ ಇರೋ ಜಾಗದ ಅಂಕಿ, ಕೊಡ್ತಾರೆ. ಈ ಕಡೆಯವನು ಆ ಅಂಕಿಗಳನ್ನ ಒಂದೊಂದಾಗಿ ತಿರುಗಿ ಓದಿ ಹೇಳ್ಬೇಕು. ಒಂದು ಅಂಕಿ ತಪ್ಪಿದ್ರೂ ಆ ಕಡೆಯವರು ಅಲ್ಲೇ ತಡೀತಾರೆ. ತಿರುಗಿ ಓದದೆ ಫೈರ್ ಇಲ್ಲ. ಎಷ್ಟೇ ಅರ್ಜೆಂಟ್ ಇರ್ಲಿ, ಆ ಸೆಕೆಂಡುಗಳನ್ನ ಯಾರೂ ಕಸಿದುಕೊಳ್ಳಲ್ಲ. ಎಐ ಬಂದ ಮೇಲೂ ಅಂಥ ಒಂದು ಹೆಜ್ಜೆ ಇರ್ಲೇಬೇಕು ಅನ್ನೋದಕ್ಕೆ ನಾನು ನಿಲ್ತೀನಿ. ಅದು ಇಲ್ಲದ ವ್ಯವಸ್ಥೆ ಬೇಡ.

ಹಂಪಿ_ಕೋಡ್

ಹವಾಲ್ದಾರ್ ಸರ್ ಹೇಳಿದ ಆ ಸೆಕೆಂಡುಗಳೇ ಮುಖ್ಯ. ಗಾಜಾದಲ್ಲಿ ಇಸ್ರೇಲ್ ಸೇನೆ ಬಳಸಿದ ಲ್ಯಾವೆಂಡರ್ ಅನ್ನೋ ಎಐ ವ್ಯವಸ್ಥೆ ಬಗ್ಗೆ 2024ರ ಏಪ್ರಿಲ್‌ನಲ್ಲಿ ಅಲ್ಲಿನ ಪತ್ರಕರ್ತರು ಬರೆದರು. ಯಂತ್ರ ಕೊಟ್ಟ ಹೆಸರನ್ನ ಒಪ್ಪೋ ಮೊದಲು ಒಂದೊಂದು ಗುರಿಗೆ ಸುಮಾರು 20 ಸೆಕೆಂಡ್ ಕೊಡ್ತಿದ್ದೆವು ಅಂತ ಒಳಗಿನವರು ಹೇಳಿದ್ದಾಗಿ ಆ ವರದಿಯಲ್ಲಿದೆ. ಅದು ಗುರಿ ಆರಿಸೋ ಯಂತ್ರ ಅಲ್ಲ, ವಿಶ್ಲೇಷಕರಿಗೆ ಸಹಾಯ ಮಾಡೋ ಮಾಹಿತಿ ಕೋಶ ಅಂತ ಸೇನೆ ಹೇಳಿತು. ವರದಿ ಸರಿ ಅಂತ ಇಟ್ಟುಕೊಂಡ್ರೆ, ಕಾಗದದ ಮೇಲೆ ಅಲ್ಲೂ ಮನುಷ್ಯ ಇದ್ದ.

ಮಾನ್ವಿ_ಮನೆಯಿಂದ

ಎಲ್ಲರ ಮಾತೂ ಓದಿದೆ. ಚಿತ್ರ ನೋಡಾಕ ನನಗೂ ಕೆಲವೇ ಸೆಕೆಂಡ್ ಸಿಗ್ತಾವ. ನಾನು ಇಲ್ಲಿ ಅವಸರ ಮಾಡಿ ಒಂದು ಗುರುತು ಹಾಕ್ತೀನಿ, ಅಲ್ಲಿ ಇನ್ನೊಬ್ಬಾತ ಅವಸರ ಮಾಡಿ ಒಂದು ಬಟನ್ ಒತ್ತತಾನ. ಇಬ್ಬರಿಗೂ ಅವಸರ, ಇಬ್ಬರೂ ಒಬ್ಬರನ್ನೊಬ್ಬರು ನೋಡಿಲ್ಲ. ನನಗ ಹೆದರಿಕಿ ಆಗೋದು ಇದಕ್ಕರೀ. ಮಿಲಿಟರಿ ಅಂತ ಅಲ್ಲ.

ಚಳ್ಳಕೆರೆ_ಗಡಿ

ನಮ್ಮ ಪಕ್ಕದ ಚಳ್ಳಕೆರೆ ಹತ್ತಿರ ಡಿಆರ್‌ಡಿಒದ ಪರೀಕ್ಷಾ ಕೇಂದ್ರ ಇದೆಯಲ್ಲ, ಅಲ್ಲಿನ ತಪಸ್ ಡ್ರೋನ್ 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗ ಜಿಲ್ಲೆಯ ಹೊಲವೊಂದರಲ್ಲಿ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಊರಿನವರೆಲ್ಲ ನೋಡೋಕೆ ಓಡಿದ್ರು. ಪರೀಕ್ಷೆ ಅಂದ್ರೆ ಬೀಳೋದೂ ಇರುತ್ತೆ, ಬಿದ್ದಿದ್ದಕ್ಕೆ ತಪ್ಪು ಹೇಳ್ತಿಲ್ಲ. ಬಿದ್ದ ಡ್ರೋನ್ ಎಲ್ಲರ ಕಣ್ಣಿಗೂ ಬಿತ್ತು, ವಿಚಾರಣೆ ಆಗುತ್ತೆ. ಮಾಡೆಲ್ ಒಳಗೆ ತಪ್ಪಾಗಿ ಕೂತ ಒಂದು ಗುರುತನ್ನ ಯಾರು ಓಡಿ ಬಂದು ನೋಡ್ತಾರೆ?

ಹತ್ತಿ_ಮಾರ್ಕೆಟ್

ಎಲ್ಲಾ ಸರಿ. ಆದ್ರ ಆಕಿ ಬಿಟ್ಟರ ಆ ಬ್ಯಾಚ್ ಇನ್ನೊಬ್ಬರಿಗೆ ಹೋಗ್ತದ. ಅವ್ರು ಪಂಪು ನೋಡಿರಂಗಿಲ್ಲ, ಎಣ್ಣಿ ಹೊಡಿಯೋದೂ ಗೊತ್ತಿರಂಗಿಲ್ಲ. ಸುಮ್ನ "ಉದ್ದನೆಯ ವಸ್ತು" ಅಂತ ಒತ್ತಿ ಮುಂದ ಹೋಗ್ತಾರ. ಹೊಲ ಗೊತ್ತಿರೋ ಹುಡುಗಿ ಅಲ್ಲಿ ಇರೋದೇ ಛಲೋ ಅಂತ ನನಗನಸ್ತದ.

ಕಟ್ಟೆ_ವಕೀಲೆ

ಈ ಮಾತಿನಲ್ಲಿ ತೂಕ ಇದೆ. ಆದರೆ ಆಕೆ ಇದ್ದೂ "ಖಾತ್ರಿ ಇಲ್ಲ" ಅನ್ನೋಕೆ ಬಿಡಲ್ಲ ಅಂದ್ರೆ ಹೊಲ ಗೊತ್ತಿದ್ದು ಏನು ಪ್ರಯೋಜನ? ಖಾತ್ರಿ ಇಲ್ಲದಾಗ ನಾಗರಿಕ ಅಂತಲೇ ತಿಳಿಯಬೇಕು ಅಂತ ಯುದ್ಧದ ಕಾನೂನು ಹೇಳುತ್ತೆ. ಈ ಕೆಲಸದಲ್ಲಿ ಖಾತ್ರಿ ಇಲ್ಲ ಅಂದವರಿಗೇ ದಂಡ. ಬುಡದಲ್ಲೇ ಕಾನೂನು ತಲೆಕೆಳಗಾಗಿದೆ.

ತಂಗಿ, ನನ್ನ ಸಲಹೆ ಇಷ್ಟು. ಮೇಲ್ ಮಾಡು, ಫೋನ್ ಬೇಡ. ಈ ಚಿತ್ರಗಳ ಕೊನೆಯ ಬಳಕೆ ಏನು ಅಂತ ಕೇಳು. ಕೃಷಿ ಉಪಕರಣ ಅನ್ನೋ ಗುರುತು ಸೇರಿಸಿ ಅಂತ ಕೇಳು. ಖಾತ್ರಿ ಇಲ್ಲ ಅಂತ ಒತ್ತಿದ್ದಕ್ಕೆ ಸ್ಕೋರ್ ಕಡಿಮೆ ಮಾಡಬಾರದು ಅಂತ ಕೇಳು. ಗ್ರಾಹಕರ ಹೆಸರು ಹೇಳೋಕೆ ಆಗಲ್ಲ ಅಂದ್ರೂ ಮನುಷ್ಯರನ್ನ ಗುರಿ ಮಾಡೋಕೆ ಬಳಸ್ತಾರಾ ಇಲ್ವಾ ಅನ್ನೋದಕ್ಕೆ ಹೌದು ಅಥವಾ ಇಲ್ಲ ಅಂತ ಹೇಳಬಹುದು.

ಕೋಟೆ_ತೋಪು

ಮೇಡಂ ಹೇಳಿದ ಹಾಗೆ ಮಾಡಮ್ಮ. ನಮ್ಮ ಸೇನೆಗೇ ಹೋಗೋದಾದ್ರೂ ಪಂಪಿಗೆ ಬೇರೆ ಗುರುತು ಇರೋ ಮಾಡೆಲ್ಲೇ ನಮಗೂ ಒಳ್ಳೆಯದು. ಗಡಿ ಊರುಗಳಲ್ಲೂ ಜನ ಬೇಸಾಯ ಮಾಡ್ತಾರೆ, ಅವರು ನಮ್ಮವರೇ.

ಮಾನ್ವಿ_ಮನೆಯಿಂದ

ಮೇಲ್ ಬರೆದು ಕಳಿಸಿದೆ. ಅಕ್ಕಾರು ಹೇಳಿದ್ದೆಲ್ಲಾ ಹಾಕೀನಿ. ಉತ್ತರ ಬರೋತನಕ ಈ ಬ್ಯಾಚ್ ಮುಟ್ಟಂಗಿಲ್ಲ, ಹತ್ತಿ ಎಲಿದು ಇದ್ರ ಅದನ್ನ ಕೊಡ್ರಿ ಅಂತ ಕೇಳೀನಿ. ಮನುಷ್ಯರನ್ನ ಗುರಿ ಮಾಡೋಕೆ ಅಂತ ಅಂದ್ರ, ಇಲ್ಲಾ ಉತ್ತರನೇ ಕೊಡ್ಲಿಲ್ಲಂದ್ರ ಬಿಡ್ತೀನಿ. ಅಪ್ಪಗೂ ಆ ಚಿತ್ರದಾಗ ಏನಿತ್ತು ಅಂತ ಬಾಯಿಲೆ ಹೇಳಿದೆ, ಬಿಡೋದಾದ್ರ ಬಿಡವ್ವ ಅಂದ್ರು.

ಲಿಂಗಸೂಗೂರು_ಲಿಂಕ್

ಛಲೋ ಮಾಡಿದಿ ತಂಗಿ. ಹಿಂದಿನ ಬ್ಯಾಚಿನ ರೊಕ್ಕ ಬರೋದಿದ್ರ ಅದನ್ನೂ ಅದೇ ಮೇಲ್‌ನಾಗ ಕೇಳು. ಒಮ್ಮೆ ಐಡಿ ಬಂದ್ ಮಾಡಿದ್ರ ಆಮೇಲೆ ಕೊಡಂಗಿಲ್ಲ, ನಮ್ಮ ಕಡೆ ಇಬ್ಬರಿಗೆ ಹಂಗೇ ಆಗ್ಯದ.